ಐದು ಷಿಲಿಂಗಿನ ಹಕ್ಕು

ನಮ್ಮ ದೊಡ್ಡಮ್ಮನಿಗೆ ತನ್ನ ವಯಸ್ಸು ಎಷ್ಟೆಂದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಸಂದರ್ಭವೂ ಆಕೆಯ ಜೀವನದಲ್ಲಿ ಬಂದಿರಲಿಲ್ಲ. 1975ರ ಸುಮಾರಿನಲ್ಲಿ, ಮಕ್ಕಳಿಲ್ಲದ ವಿಧವೆಯಾಗಿ ಕಾವೇರಿ ದಡದ ನಮ್ಮ ಹಳ್ಳಿಯಲ್ಲಿ ಒಬ್ಬಳೇ ಇದ್ದ ಆಕೆಗೆ ವೃದ್ಧಾಪ್ಯ ವೇತನ ಕೊಡಿಸಬೇಕೆಂದು ನಾನು ಅರ್ಜಿ ಬರೆಯಲು ಕುಳಿತಾಗ ಮೊದಲ ಸಲ ಆ ಪ್ರಶ್ನೆ ಎದ್ದಿತು. ಅರವತ್ತೈದು ದಾಟಿರಬೇಕೆಂಬುದು ನಿಯಮ. “ದೊಡ್ಡಮ್ಮ, ನೀನು ಹುಟ್ಟಿದ್ದು ಯಾವಾಗ?” ಎಂದರೆ, “ಅದೆಲ್ಲ ನನಗೇನು ಗೊತ್ತಪ್ಪ? ದೊಡ್ಡ ಹೊಳೆ ಬಂತಲ್ಲ, ಆ ವರ್ಷವೇ ನಾನು ದೊಡ್ಡವಳಾದದ್ದು” ಎಂದಳು. ದೊಡ್ಡ ಹೊಳೆ ಬಂದದ್ದು 1924ರ ಜುಲೈ ತಿಂಗಳಲ್ಲಿ. ಆಗ ಆಕೆಗೆ ಹದಿನಾಲ್ಕು ಎಂದಿಟ್ಟುಕೊಂಡರೆ ಲೆಕ್ಕ ಸರಿಹೋಗುತ್ತಿತ್ತು. ಅದನ್ನೇ ಅರ್ಜಿಯಲ್ಲಿ ಬರೆದೆ. ಕಚೇರಿಯ ಗುಮಾಸ್ತರು ಓದಿ, ಕನ್ನಡಕ ತೆಗೆದು, “ಹೊಳೆ ಬಂದದ್ದಕ್ಕೆ ದಾಖಲೆಯಿದೆ ಸ್ವಾಮಿ; ನಿಮ್ಮ ದೊಡ್ಡಮ್ಮ ಹುಟ್ಟಿದ್ದಕ್ಕೆ ಇಲ್ಲ” ಎಂದರು. ಆ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ದಾಖಲೆಯಿಲ್ಲದ ಮನುಷ್ಯರ ವಿಷಯದಲ್ಲಿ ಕಚೇರಿಗಳು ಎಲ್ಲ ಕಾಲದಲ್ಲಿಯೂ ಹೇಳುವ ಮಾತು ಅದು.

ವೈದ್ಯರ ದೃಢೀಕರಣ ಪತ್ರ, ಊರ ಹಿರಿಯರ ಸಾಕ್ಷಿ ಇವೆಲ್ಲ ಸೇರಿ ವೇತನ ಮಂಜೂರಾಗಲು ಎರಡು ವರ್ಷ ಹಿಡಿಯಿತು. ಆಮೇಲೆ ತಿಂಗಳಿಗೊಮ್ಮೆ ಅಂಚೆಯವನು ಮನಿಯಾರ್ಡರು ತಂದು ಜಗಲಿಯ ಮೇಲೆ ಕುಳಿತು ಎಣಿಸಿ ಕೊಡುತ್ತಿದ್ದ. ನೂರು ರೂಪಾಯಿಗೆ ಬಹಳ ಕೆಳಗಿನ ಮೊತ್ತ. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿ, ಹಣವನ್ನು ಕಣ್ಣಿಗೊತ್ತಿಕೊಂಡು, “ಕೊಟ್ಟ ಪುಣ್ಯಾತ್ಮರು ಚೆನ್ನಾಗಿರಲಿ” ಎನ್ನುತ್ತಿದ್ದಳು. ಆಗ ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದೆ. ಒಮ್ಮೆ ಅಧ್ಯಾಪಕನ ಚಪಲದಿಂದ, “ಇದು ಪುಣ್ಯವಲ್ಲ ದೊಡ್ಡಮ್ಮ, ಇದು ನಿನ್ನ ಹಕ್ಕು” ಎಂದೆ. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಹಕ್ಕು ಅನ್ನೋಕೆ ನಾನು ಸರ್ಕಾರಕ್ಕೆ ಏನು ಕೊಟ್ಟಿದ್ದೀನಪ್ಪ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಈಗ ನಾನೂ ನಿವೃತ್ತ. ತಿಂಗಳ ಮೊದಲ ದಿನ ನನ್ನ ಲೆಕ್ಕಕ್ಕೆ ಪಿಂಚಣಿ ಬಂದು ಬೀಳುತ್ತದೆ. ನಾನು ಅದನ್ನು ಕಣ್ಣಿಗೊತ್ತಿಕೊಳ್ಳುವುದಿಲ್ಲ, ಯಾರನ್ನೂ ಹರಸುವುದಿಲ್ಲ. ಎರಡು ದಿನ ತಡವಾದರೆ ಸಿಟ್ಟು ಬರುತ್ತದೆ. ದೊಡ್ಡಮ್ಮನ ಹರಕೆಗೂ ನನ್ನ ಸಿಟ್ಟಿಗೂ ನಡುವೆ ಇರುವ ದೂರವೇನು? ವೃದ್ಧನ ವೇತನ, ರೋಗಿಯ ಔಷಧ, ಸರ್ಕಾರದ ಬೊಕ್ಕಸ, ಪ್ರಜೆಯ ಮತ ಇವು ನಾಲ್ಕೂ ಒಂದಕ್ಕೊಂದು ಹೇಗೆ ಗಂಟು ಬಿದ್ದವು? ಈ ಗಂಟು ಬೀಳುವುದನ್ನು ಕಣ್ಣಾರೆ ಕಾಣಬೇಕಾದರೆ ಬ್ರಿಟನ್ನಿನ 1908ರಿಂದ 1951ರವರೆಗಿನ ಚರಿತ್ರೆಯನ್ನು ನೋಡಬೇಕು.

ಮೊದಲು ಆ ಮಾತಿನ ಪೂರ್ವಚರಿತ್ರೆಯನ್ನಷ್ಟು ಹೇಳಬೇಕು. ಪಿಂಚಣಿ ಎಂಬುದು ಹುಟ್ಟಿನಿಂದ ಗೌರವದ ಶಬ್ದವಲ್ಲ. 1755ರಲ್ಲಿ ಡಾಕ್ಟರ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟಿನಲ್ಲಿ, ತನ್ನ ನಾಡಿಗೇ ದ್ರೋಹ ಬಗೆಯಲು ಸರ್ಕಾರದ ಆಳು ಪಡೆಯುವ ಸಂಬಳ ಎಂಬ ಭಾವ ಬರುವಂತೆ ಅದಕ್ಕೆ ಅರ್ಥ ಬರೆದ. ಏಳು ವರ್ಷಗಳ ಮೇಲೆ, 1762ರಲ್ಲಿ, ದೊರೆ ವರ್ಷಕ್ಕೆ 300 ಪೌಂಡುಗಳ ಪಿಂಚಣಿಯನ್ನು ಅದೇ ಜಾನ್ಸನ್ನನಿಗೆ ಕೊಡಲು ಮುಂದಾದಾಗ ಆತ ಬಹಳ ಸಂಕಟಪಟ್ಟು ಸ್ವೀಕರಿಸಿದ. ನಮ್ಮ ನಾಡಿಗೆ ಆ ಶಬ್ದ ಬಂದದ್ದೂ ಅಂಥದೇ ವಾಸನೆಯೊಡನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಪಿಂಚಣಿ ಗೊತ್ತುಮಾಡಿ ವೆಲ್ಲೂರಿನ ಕೋಟೆಗೆ ಕಳುಹಿಸಿದರು. ರಾಜ್ಯ ಕಳೆದುಕೊಂಡವನ ಬಾಯಿ ಮುಚ್ಚಿಸುವ ಹಣ, ಇಲ್ಲವೇ ದೊರೆಯ ಮರ್ಜಿಯಿಂದ ಬರುವ ಕೃಪೆ, ಇದು ಆ ಮಾತಿನ ಹಳೆಯ ಅರ್ಥ. ಬಡ ಮುದುಕನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಬಡ ಮುದುಕನಿಗೆ ಇಂಗ್ಲೆಂಡಿನಲ್ಲಿ ಇದ್ದದ್ದು ಬೇರೆಯೇ ಏರ್ಪಾಡು. 1834ರ ಬಡವರ ಕಾನೂನಿನ ಪ್ರಕಾರ, ದುಡಿಯಲಾರದೆ ನೆರವು ಬೇಡಿದವರನ್ನು ವರ್ಕ್‌ಹೌಸ್ ಎಂಬ ಬಡವರ ಮನೆಗೆ ಸೇರಿಸುವುದು ನೀತಿಯಾಗಿತ್ತು. ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತ ಒಳಗಿನ ಬದುಕು ಕೀಳಾಗಿಯೇ ಇರಬೇಕೆಂಬುದು ಅದರ ತತ್ತ್ವ. ಇಲ್ಲದಿದ್ದರೆ ಜನ ಸೋಮಾರಿಗಳಾಗುವರೆಂಬ ಭಯ. ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ ಇಡುವ ಪದ್ಧತಿ. ನಲವತ್ತು ವರ್ಷ ಕೂಡಿ ಬಾಳಿದವರು ಕೊನೆಗಾಲದಲ್ಲಿ ಬೇರೆಬೇರೆ ಅಂಗಳಗಳಲ್ಲಿ ಕುಳಿತುಕೊಳ್ಳಬೇಕು. ನೆರವು ಪಡೆದವನ ಮತದಾನದ ಹಕ್ಕೂ ಹೋಗುತ್ತಿತ್ತು. ಆ ಬಾಗಿಲನ್ನು ತುಳಿಯುವುದಕ್ಕಿಂತ ಹಸಿದು ಸಾಯುವುದೇ ಮೇಲೆಂದು ನಂಬಿದ ಮುದುಕರು ಸಾವಿರಾರು. ಚಾರ್ಲ್ಸ್ ಬೂತ್ ಲಂಡನ್ನಿನಲ್ಲಿ ಬೀದಿಬೀದಿ ಸುತ್ತಿ ನಡೆಸಿದ ಸಮೀಕ್ಷೆ, ಸೀಬೋಮ್ ರೌಂಟ್ರಿ ಯಾರ್ಕ್ ನಗರವನ್ನು ಕುರಿತು 1901ರಲ್ಲಿ ಪ್ರಕಟಿಸಿದ ಗ್ರಂಥ ಇವೆರಡೂ ಬಡತನಕ್ಕೆ ಸೋಮಾರಿತನಕ್ಕಿಂತ ಕಡಿಮೆ ಕೂಲಿ, ರೋಗ, ಮುಪ್ಪು ಇವೇ ಕಾರಣವೆಂದು ಅಂಕಿಅಂಶಗಳಿಂದ ತೋರಿಸಿದವು. ಯಾರ್ಕಿನ ಜನರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಬಡತನದಲ್ಲಿದ್ದರು.

ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ಬಿಸ್ಮಾರ್ಕ್ ಒಂದು ಹೆಜ್ಜೆ ಮುಂದೆ ಹೋಗಿದ್ದ. 1883ರಲ್ಲಿ ರೋಗ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ವಿಮೆ. ಬಿಸ್ಮಾರ್ಕನ ಹೃದಯ ಕರಗಿ ಇದಾಯಿತೆಂದು ಯಾರೂ ಹೇಳುವುದಿಲ್ಲ. 1878ರಲ್ಲಿ ಸಮಾಜವಾದಿಗಳ ಸಂಘಟನೆಯನ್ನು ನಿಷೇಧಿಸಿದ ಕೈಯೇ ಇದನ್ನೂ ಕೊಟ್ಟಿತು. ಮುಪ್ಪಿನಲ್ಲಿ ಸರ್ಕಾರದಿಂದ ಹಣ ಬರುವುದೆಂದು ಕಾದಿರುವ ಕೆಲಸಗಾರ ದಂಗೆಯೇಳುವುದಿಲ್ಲವೆಂಬುದು ಆತನ ಲೆಕ್ಕ. ಜನಹಿತದ ಮೊದಲ ಹೆಜ್ಜೆ ಹೀಗೆ ರಾಜಕೀಯದ ಜಾಣತನದಿಂದ ಬಿದ್ದಿತು ಎಂಬುದನ್ನು ಮರೆಯಬಾರದು. ಹಾಗೆಂದು ಅದರಿಂದ ಹೊಟ್ಟೆ ತುಂಬಿದವನ ಅನ್ನವೇನೂ ಸುಳ್ಳಾಗಲಿಲ್ಲ.

ಬ್ರಿಟನ್ನಿನ ವೃದ್ಧಾಪ್ಯ ವೇತನದ ಕಾನೂನು ಬಂದದ್ದು 1908ರಲ್ಲಿ. ಆಸ್ಕ್ವಿತ್ ಸಿದ್ಧಪಡಿಸಿದ್ದ ಯೋಜನೆಯನ್ನು ಆತ ಪ್ರಧಾನಿಯಾದ ಮೇಲೆ ಹೊಸ ಅರ್ಥಸಚಿವ ಡೇವಿಡ್ ಲಾಯ್ಡ್ ಜಾರ್ಜ್ ಸಂಸತ್ತಿನಲ್ಲಿ ನಡೆಸಿಕೊಟ್ಟ. ಲಾಯ್ಡ್ ಜಾರ್ಜ್ ವೇಲ್ಸಿನ ಹಳ್ಳಿಯೊಂದರಲ್ಲಿ, ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡು, ಚಮ್ಮಾರನಾದ ಸೋದರಮಾವನ ಆಸರೆಯಲ್ಲಿ ಬೆಳೆದವನು. ಕಾನೂನು ಉದಾರವಾಗಿತ್ತೆಂದು ಹೇಳುವಂತಿಲ್ಲ. ಎಪ್ಪತ್ತು ವರ್ಷ ತುಂಬಿರಬೇಕು. ವರ್ಷದ ವರಮಾನ 21 ಪೌಂಡು ಮೀರದಿದ್ದರೆ ವಾರಕ್ಕೆ ಐದು ಷಿಲಿಂಗು. ಅದಕ್ಕಿಂತ ಹೆಚ್ಚಿದ್ದರೆ ಇಳಿಯುತ್ತ ಹೋಗಿ, ಮೂವತ್ತೊಂದೂವರೆ ಪೌಂಡು ದಾಟಿದವರಿಗೆ ಏನೂ ಇಲ್ಲ. ಸೆರೆಮನೆ ಕಂಡವರು, ಶಕ್ತಿಯಿದ್ದೂ ದುಡಿಯದೆ ಕಾಲ ಕಳೆದವರು, ಈಚೆಗೆ ಬಡವರ ಕಾನೂನಿನ ನೆರವು ಪಡೆದವರು ಹೊರಗೆ ಉಳಿದರು. ಆದರೂ ಎರಡು ವಿಷಯಗಳಲ್ಲಿ ಅದು ಹಳೆಯದನ್ನು ಕಡಿದುಹಾಕಿತು. ಪಡೆಯುವವನು ಮೊದಲು ಕಂತು ಕಟ್ಟಿರಬೇಕಾಗಿರಲಿಲ್ಲ. ಹಣ ಸಾಮಾನ್ಯ ತೆರಿಗೆಯಿಂದಲೇ ಬರುತ್ತಿತ್ತು. ಎರಡನೆಯದಾಗಿ, ಅದನ್ನು ಪಡೆದವನ ಮತ ಹೋಗುತ್ತಿರಲಿಲ್ಲ, ಬಡವರ ಮನೆಯ ಬಾಗಿಲನ್ನು ತುಳಿಯಬೇಕಾಗಿರಲಿಲ್ಲ. ಎಲ್ಲರೂ ಹೋಗುವ ಅಂಚೆ ಕಚೇರಿಗೆ ಹೋಗಿ, ಎಲ್ಲರಂತೆ ಸಾಲಿನಲ್ಲಿ ನಿಂತು, ಚೀಟಿ ಕೊಟ್ಟು ಹಣ ಪಡೆಯಬಹುದಾಗಿತ್ತು.

1909ರ ಜನವರಿ 1ರಂದು ಆ ಸಾಲುಗಳು ನಿಂತವು. ಸುಮಾರು ಐದು ಲಕ್ಷ ಮುದುಕ ಮುದುಕಿಯರು. ಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ್ದ ಫ್ಲೋರಾ ಥಾಂಪ್ಸನ್ ಎಂಬ ಲೇಖಕಿ ತನ್ನ ನೆನಪಿನ ಪುಸ್ತಕದಲ್ಲಿ ಆ ದಿನಗಳನ್ನು ಚಿತ್ರಿಸಿದ್ದಾಳೆ. ಇಷ್ಟು ಹಣ ಕೊಡಬೇಕಾದರೆ ಆತ ದೊಡ್ಡ ಪ್ರಭುವೇ ಇರಬೇಕೆಂದು ಕೆಲವು ಮುಗ್ಧರು ಲಾಯ್ಡ್ ಜಾರ್ಜನನ್ನು ಲಾರ್ಡ್ ಜಾರ್ಜ್ ಎಂದೇ ತಿಳಿದು ಹರಸಿದರಂತೆ. ಹಣ ಎಣಿಸಿ ಕೊಟ್ಟ ಹುಡುಗಿಗೆ ತಮ್ಮ ತೋಟದ ಹೂವನ್ನೋ ಸೇಬನ್ನೋ ತಂದುಕೊಟ್ಟರಂತೆ. ಇದನ್ನು ಓದಿದಾಗ ನನಗೆ ನಮ್ಮ ಜಗಲಿ, ಅಂಚೆಯವನು, ದೊಡ್ಡಮ್ಮನ ಹರಕೆ ನೆನಪಾದವು.

ಇನ್ನೊಂದು ಸಂಗತಿ ಇನ್ನೂ ಹತ್ತಿರದ್ದು. ಐರ್ಲೆಂಡ್ ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿತ್ತು. ಅಲ್ಲಿ ಎಲ್ಲ ಜನನಗಳ ನೋಂದಣಿ ಆರಂಭವಾದದ್ದು 1864ರಲ್ಲಿ. ಆದುದರಿಂದ 1909ರಲ್ಲಿ ಎಪ್ಪತ್ತು ತುಂಬಿದ ಬಡ ರೈತನ ಬಳಿ ಹುಟ್ಟಿದ ದಿನದ ಕಾಗದವಿರುವುದು ಅಪರೂಪ. ಆದರೆ 1839ರ ಜನವರಿ 6ರ ರಾತ್ರಿ ಆ ದ್ವೀಪದ ಮೇಲೆ ಭಯಂಕರ ಬಿರುಗಾಳಿ ಬೀಸಿ ಸಾವಿರಾರು ಮನೆಗಳ ಮಾಡುಗಳನ್ನು ಹಾರಿಸಿಕೊಂಡು ಹೋಗಿತ್ತು. ಜನ ಅದನ್ನು ದೊಡ್ಡ ಗಾಳಿಯ ರಾತ್ರಿ ಎಂದು ಕರೆಯುತ್ತಿದ್ದರು. ಆ ಗಾಳಿಯನ್ನು ನೆನಪಿಟ್ಟವನಿಗೆ ಎಪ್ಪತ್ತು ದಾಟಿರಲೇಬೇಕಲ್ಲವೆ? ಹೀಗೆ ಅನೇಕರಿಗೆ ಆ ನೆನಪೇ ಸಾಕ್ಷಿಯಾಯಿತು. ನೋಡನೋಡುತ್ತ ಆ ಗಾಳಿಯನ್ನು ಕಂಡವರ ಸಂಖ್ಯೆ ಅಧಿಕಾರಿಗಳ ಅಂದಾಜನ್ನು ಮೀರಿ ಬೆಳೆಯಿತೆಂಬುದೂ ನಿಜ. ಆದರೂ, ಹೊಳೆಯನ್ನು ನಂಬದ ನಮ್ಮ ಗುಮಾಸ್ತರಿಗಿಂತ ಗಾಳಿಯನ್ನು ನಂಬಿದ ಆ ಗುಮಾಸ್ತರು ನನಗೆ ಹೆಚ್ಚು ಪ್ರಿಯರಾಗಿ ಕಾಣುತ್ತಾರೆ.

ಹಣ ಕೊಟ್ಟದ್ದಾಯಿತು; ಎಲ್ಲಿಂದ ತರುವುದು? ಇಲ್ಲಿಂದ ಮುಂದೆ ಕಥೆ ಬೊಕ್ಕಸಕ್ಕೆ ತಿರುಗುತ್ತದೆ. ವೇತನದ ಖರ್ಚು ಒಂದು ಕಡೆ. ಜರ್ಮನಿಯ ಭಯದಿಂದ ಡ್ರೆಡ್‌ನಾಟ್ ಎಂಬ ಭಾರಿ ಯುದ್ಧನೌಕೆಗಳನ್ನು ಕಟ್ಟಬೇಕೆಂಬ ಕೂಗು ಇನ್ನೊಂದು ಕಡೆ. ಸುಮಾರು 160 ಲಕ್ಷ ಪೌಂಡುಗಳ ಕೊರತೆ. 1909ರ ಏಪ್ರಿಲ್ 29ರಂದು ಲಾಯ್ಡ್ ಜಾರ್ಜ್ ನಾಲ್ಕು ಗಂಟೆಗೂ ಮೀರಿ ಮಾತನಾಡಿ ತನ್ನ ಆಯವ್ಯಯ ಪತ್ರವನ್ನು ಮಂಡಿಸಿದ. ಅದಕ್ಕೆ ಜನರ ಬಜೆಟ್ಟು ಎಂದು ಹೆಸರಾಯಿತು. ದೊಡ್ಡ ವರಮಾನದ ಮೇಲೆ ಹೆಚ್ಚಿನ ತೆರಿಗೆ. ವರ್ಷಕ್ಕೆ 5,000 ಪೌಂಡು ಮೀರಿದವರ ಮೇಲೆ ಮೇಲ್ತೆರಿಗೆ. ಪಿತ್ರಾರ್ಜಿತ ಆಸ್ತಿಯ ಮೇಲೆ ಏರಿದ ಸುಂಕ. ಒಡೆಯ ಬೆರಳೂ ಅಲುಗಿಸದೆ, ಊರು ಬೆಳೆದ ಕಾರಣದಿಂದಲೇ ಬೆಲೆ ಏರಿದ ಭೂಮಿಯ ಲಾಭದಲ್ಲಿ ಐದನೆಯ ಒಂದು ಪಾಲು. ಮೋಟಾರು ಕಾರಿಗೂ ಪೆಟ್ರೋಲಿಗೂ ತೆರಿಗೆ. ಬಡವನ ಹೊಗೆಸೊಪ್ಪನ್ನೂ ಮದ್ಯವನ್ನೂ ಬಿಟ್ಟಿರಲಿಲ್ಲ.

ಆಳುವವರು ಪ್ರಜೆಗಳಿಗೆ ಏನನ್ನಾದರೂ ಕೊಡುವುದಾಗಿ ಹೇಳುವುದು ಹೊಸದಲ್ಲ. ಯಾರಿಂದ ತೆಗೆದುಕೊಂಡು ಕೊಡುತ್ತೇನೆಂದು ಅಷ್ಟೇ ಗಟ್ಟಿಯಾಗಿ ಹೇಳಿದ್ದು 1909ರ ವಿಶೇಷ. ಲಂಡನ್ನಿನ ಬಡವರ ಕೇರಿಯಾದ ಲೈಮ್‌ಹೌಸಿನಲ್ಲಿ ಜುಲೈ 30ರಂದು ಅರ್ಥಸಚಿವ ಭೂಮಾಲೀಕರನ್ನು ಹೆಸರೆತ್ತಿ ಹಳಿದ. ಪೂರ್ಣ ಸಜ್ಜಾದ ಒಬ್ಬ ಡ್ಯೂಕನನ್ನು ಸಾಕುವ ಖರ್ಚಿನಲ್ಲಿ ಎರಡು ಡ್ರೆಡ್‌ನಾಟುಗಳನ್ನು ಸಾಕಬಹುದೆಂದು ಇನ್ನೊಂದು ಸಭೆಯಲ್ಲಿ ನಗಿಸಿದ. ಲಾರ್ಡುಗಳ ಸಭೆ ನಗಲಿಲ್ಲ. ಹಣಕಾಸಿನ ವಿಷಯದಲ್ಲಿ ಕಾಮನ್ಸ್ ಸಭೆಯ ಮಾತಿಗೆ ಅಡ್ಡಿ ಮಾಡಬಾರದೆಂಬ ಬಹುಕಾಲದ ಸಂಪ್ರದಾಯವನ್ನು ಮುರಿದು, ನವೆಂಬರ್ 30ರಂದು 350ಕ್ಕೆ 75 ಮತಗಳಿಂದ ಅದು ಆಯವ್ಯಯವನ್ನು ತಳ್ಳಿಹಾಕಿತು. ತೀರ್ಪಿಗಾಗಿ ಸರ್ಕಾರ ಜನರ ಮುಂದೆ ಹೋಗಬೇಕಾಯಿತು.

ಈಗ ಮತಪೆಟ್ಟಿಗೆಯನ್ನು ತೆರೆದು ನೋಡೋಣ. 1910ರ ಜನವರಿಯ ಚುನಾವಣೆಯಲ್ಲಿ ಲಿಬರಲ್ ಪಕ್ಷ ನೂರಕ್ಕೂ ಹೆಚ್ಚು ಸ್ಥಾನಗಳನ್ನು ಕಳೆದುಕೊಂಡಿತು. ಎದುರು ಪಕ್ಷಕ್ಕಿಂತ ಎರಡೇ ಎರಡು ಸ್ಥಾನ ಹೆಚ್ಚು ಬಂದವು. ಬಿದ್ದ ಮತಗಳನ್ನು ಎಣಿಸಿದರೆ ಎದುರು ಪಕ್ಷಕ್ಕೇ ಹೆಚ್ಚು. ಐರಿಷ್ ಸದಸ್ಯರ ಮತ್ತು ಲೇಬರ್ ಪಕ್ಷದ ಬೆಂಬಲದಿಂದ ಸರ್ಕಾರ ಉಳಿಯಿತು. ಏಪ್ರಿಲಿನಲ್ಲಿ ಆಯವ್ಯಯಕ್ಕೆ ಒಪ್ಪಿಗೆ ದೊರೆಯಿತು. ಡಿಸೆಂಬರಿನಲ್ಲಿ ಮತ್ತೊಂದು ಚುನಾವಣೆ, ಫಲಿತಾಂಶ ಹೆಚ್ಚುಕಡಿಮೆ ಅದೇ. 1911ರ ಆಗಸ್ಟಿನಲ್ಲಿ ಲಾರ್ಡುಗಳು ತಮ್ಮ ರೆಕ್ಕೆಯನ್ನು ತಾವೇ ಕತ್ತರಿಸಿಕೊಳ್ಳುವ ಕಾನೂನಿಗೆ 131ಕ್ಕೆ 114 ಮತಗಳಿಂದ ಒಪ್ಪಿದರು. ಅಂದಿನಿಂದ ಹಣಕಾಸಿನ ಮಸೂದೆಯನ್ನು ಒಂದು ತಿಂಗಳಿಗಿಂತ ಹೆಚ್ಚು ತಡೆಯುವ ಅಧಿಕಾರ ಅವರಿಗಿಲ್ಲ. ಮುದುಕರ ಐದು ಷಿಲಿಂಗಿನಿಂದ ಆರಂಭವಾದ ಜಗಳ ಶತಮಾನಗಳ ಸಂವಿಧಾನವನ್ನೇ ಬದಲಾಯಿಸಿತು.

ವೃದ್ಧರಿಗೆ ಹಣ ಹಂಚಿದ ಪಕ್ಷಕ್ಕೆ ಮತ ಸುರಿಯಬೇಕಾಗಿತ್ತಲ್ಲ, ಏಕೆ ಸುರಿಯಲಿಲ್ಲ? ತೆರಿಗೆಯ ಮಾತನ್ನು ಮುಚ್ಚಿಡದೆ ಹೇಳಿದ್ದು ಒಂದು ಕಾರಣವಿರಬಹುದು. ಕಾರಣಗಳು ಬೇರೆಯೂ ಇದ್ದವು. ಇನ್ನೊಂದು ಸಂಗತಿಯನ್ನು ನಾನು ಬಹಳ ದಿನ ಗಮನಿಸಿರಲೇ ಇಲ್ಲ. ಮೊದಲ ದಿನ ಅಂಚೆ ಕಚೇರಿಯ ಮುಂದೆ ನಿಂತವರಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಒಬ್ಬಳಿಗೂ ಸಂಸತ್ತಿನ ಚುನಾವಣೆಯಲ್ಲಿ ಮತವಿರಲಿಲ್ಲ. ಬ್ರಿಟನ್ನಿನ ಸ್ತ್ರೀಯರಿಗೆ ಮೂವತ್ತು ದಾಟಿದವರಿಗೆಂದು ಮೊದಲು ಮತ ಬಂದದ್ದು 1918ರಲ್ಲಿ, ಗಂಡಸರಿಗೆ ಸಮನಾಗಿ ಬಂದದ್ದು 1928ರಲ್ಲಿ. ವೃದ್ಧಾಪ್ಯ ವೇತನವೆಂದರೆ ಮತವನ್ನು ಕೊಳ್ಳುವ ಲಂಚ ಎಂದು ಅಂದೂ ಹೇಳುತ್ತಿದ್ದರು, ಇಂದೂ ಹೇಳುತ್ತಾರೆ. ಆ ಮಾತಿಗೆ ಮತವಿಲ್ಲದ ಆ ಮುದುಕಿಯರ ಸಾಲೇ ಒಂದು ಉತ್ತರ.

ಔಷಧದ ವಿಷಯಕ್ಕೆ ಬರೋಣ. 1908ರಲ್ಲಿಯೇ ಜರ್ಮನಿಗೆ ಹೋಗಿ ಅಲ್ಲಿಯ ವಿಮೆಯನ್ನು ನೋಡಿಬಂದಿದ್ದ ಲಾಯ್ಡ್ ಜಾರ್ಜ್ 1911ರಲ್ಲಿ ರಾಷ್ಟ್ರೀಯ ವಿಮೆಯ ಕಾನೂನನ್ನು ತಂದ. ವಾರಕ್ಕೆ ಕೆಲಸಗಾರ ನಾಲ್ಕು ಪೆನ್ನಿ, ಮಾಲೀಕ ಮೂರು, ಸರ್ಕಾರ ಎರಡು. ನಾಲ್ಕಕ್ಕೆ ಒಂಬತ್ತು ಎಂಬುದು ಅದರ ಪ್ರಚಾರವಾಕ್ಯ. ಕಾಯಿಲೆ ಬಿದ್ದ ಕೆಲಸಗಾರನಿಗೆ ವೈದ್ಯನೂ ವಾರಕ್ಕೆ ಹತ್ತು ಷಿಲಿಂಗೂ ದೊರೆಯುತ್ತಿದ್ದವು. ಆದರೆ ಆತನ ಹೆಂಡತಿಗೂ ಮಕ್ಕಳಿಗೂ ವೈದ್ಯನಿಲ್ಲ. ಕ್ಷಯದಂಥ ರೋಗವನ್ನು ಬಿಟ್ಟರೆ ಆಸ್ಪತ್ರೆಯ ಚಿಕಿತ್ಸೆಯೂ ಇಲ್ಲ. ಮನೆಯಲ್ಲಿ ದುಡಿದೇ ಸವೆದವಳ ದುಡಿಮೆಗೆ ಕೂಲಿಯಿಲ್ಲ, ಕೂಲಿಯಿಲ್ಲದ್ದರಿಂದ ಕಂತಿಲ್ಲ, ಕಂತಿಲ್ಲದ್ದರಿಂದ ಔಷಧವಿಲ್ಲ. ವಿಮೆಯ ತರ್ಕದಲ್ಲಿ ತಪ್ಪು ಹುಡುಕುವಂತಿಲ್ಲ. ಆದರೂ ಆ ತರ್ಕದ ಹೊರಗೆ ಅರ್ಧ ದೇಶ ಉಳಿದುಬಿಟ್ಟಿತು. ಸಣ್ಣ ಕಂತುಗಳನ್ನು ಕೂಡಿಸಿ ದೊಡ್ಡ ಕಾಯಿಲೆಯನ್ನು ಎದುರಿಸುವ ಈ ಉಪಾಯವನ್ನು ನಮ್ಮ ಕರ್ನಾಟಕದ ಸಹಕಾರಿ ಸಂಘಗಳ ರೈತರು ಬಹಳ ತಡವಾಗಿ, 2003ರಲ್ಲಿ, ಯಶಸ್ವಿನಿ ಯೋಜನೆಯ ರೂಪದಲ್ಲಿ ಕಂಡರು. ಮೊದಲಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ನಿಂತು 2022ರಲ್ಲಿ ಅದು ಮತ್ತೆ ಆರಂಭವಾಯಿತು.

ಬ್ರಿಟನ್ನಿನಲ್ಲಿ ಹೊರಗುಳಿದ ಆ ಅರ್ಧ ದೇಶವನ್ನು ಒಳಗೆ ಕರೆದವನು ವಿಲಿಯಂ ಬೆವರಿಜ್. ಈತ ಹುಟ್ಟಿದ್ದು ನಮ್ಮ ಬಂಗಾಳದ ರಂಗಪುರದಲ್ಲಿ, 1879ರಲ್ಲಿ. ತಂದೆ ಭಾರತದ ಸಿವಿಲ್ ಸರ್ವಿಸಿನಲ್ಲಿದ್ದವನು. ತಾಯಿ ಆನೆಟ್, ಬಾಬರನ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದ ವಿದುಷಿ. 1942ರ ಡಿಸೆಂಬರಿನಲ್ಲಿ, ಮಹಾಯುದ್ಧದ ನಡುವೆ, ಬೆವರಿಜನ ವರದಿ ಹೊರಬಂದಾಗ ಜನ ಸಾಲುಗಟ್ಟಿ ನಿಂತು ಕೊಂಡರು. ಸಂಕ್ಷಿಪ್ತ ಆವೃತ್ತಿಯೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಸರ್ಕಾರಿ ವರದಿಯೊಂದು ಕಾದಂಬರಿಯಂತೆ ಮಾರಾಟವಾದದ್ದು ವಿಚಿತ್ರವೇ. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ಕೊಲ್ಲಬೇಕೆಂದು ಅದು ಹೇಳಿತ್ತು. 1945ರ ಚುನಾವಣೆಯಲ್ಲಿ ಯುದ್ಧವನ್ನು ಗೆದ್ದ ಚರ್ಚಿಲ್ಲನನ್ನು ಮನೆಗೆ ಕಳುಹಿಸಿ ಜನ ಲೇಬರ್ ಪಕ್ಷಕ್ಕೆ 393 ಸ್ಥಾನಗಳನ್ನು ಕೊಟ್ಟರು.

ಹೊಸ ಆರೋಗ್ಯ ಸಚಿವ ಅನ್ಯೂರಿನ್ ಬೆವಾನ್ ವೇಲ್ಸಿನ ಟ್ರೆಡೆಗರ್ ಊರಿನವನು. ಹದಿಮೂರನೆಯ ವಯಸ್ಸಿಗೇ ಕಲ್ಲಿದ್ದಲಿನ ಗಣಿಗೆ ಇಳಿದವನು. ತಂದೆ ಗಣಿಯ ಧೂಳು ಕುಡಿದ ಶ್ವಾಸಕೋಶದ ರೋಗದಿಂದಲೇ 1925ರಲ್ಲಿ ತೀರಿಕೊಂಡಿದ್ದ. ಟ್ರೆಡೆಗರಿನ ಕೆಲಸಗಾರರು ಕೂಲಿಯಲ್ಲಿ ಇಷ್ಟಿಷ್ಟು ಕೂಡಿಹಾಕಿ ತಮ್ಮದೇ ವೈದ್ಯಸಹಾಯ ಸಂಘವನ್ನು ನಡೆಸುತ್ತಿದ್ದರು. ಅದನ್ನೇ ಇಡೀ ದೇಶಕ್ಕೆ ಹಬ್ಬಿಸುವುದು ಬೆವಾನನ ಕನಸು. ವೈದ್ಯರ ಸಂಘ ಉಗ್ರವಾಗಿ ಎದುರಿಸಿತು. 1948ರ ಫೆಬ್ರವರಿಯಲ್ಲಿ ಮತ ತೆಗೆದುಕೊಂಡಾಗ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ವಿರುದ್ಧ. ಆದರೂ ಅದೇ ವರ್ಷದ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಯಾರು ಬಂದರೂ ವೈದ್ಯ, ಆಸ್ಪತ್ರೆ, ಹಲ್ಲು, ಕನ್ನಡಕ, ಎಲ್ಲವೂ ಕೈಯಿಂದ ಕಾಸು ಬಿಚ್ಚದೆ. ಖರ್ಚು ತೆರಿಗೆಯಿಂದ.

ಮೊದಲ ವರ್ಷದಲ್ಲಿಯೇ ಐವತ್ತು ಲಕ್ಷಕ್ಕೂ ಹೆಚ್ಚು ಕನ್ನಡಕಗಳು ಹೋದವು. ಅಂದಾಜುಗಳೆಲ್ಲ ಹುಸಿಯಾದವು. ಪುಕ್ಕಟೆಯೆಂದರೆ ಜನ ಮುಗಿಬೀಳುತ್ತಾರೆಂದು ಟೀಕಾಕಾರರು ಹಂಗಿಸಿದರು. ಆದರೆ ಕಣ್ಣು ಸರಿಯಾಗಿದ್ದವನು ಕನ್ನಡಕಕ್ಕಾಗಿ ಸಾಲಿನಲ್ಲಿ ನಿಲ್ಲುವನೆ? ಹತ್ತಿಪ್ಪತ್ತು ವರ್ಷ ಮಂಜುಗಣ್ಣಿನಲ್ಲಿ ಹೊಲಿದವರು, ಅಂಗಡಿಯಲ್ಲಿ ಆರಿಸಿ ಕೊಂಡ ಅಗ್ಗದ ಗಾಜಿನಲ್ಲಿ ಓದಿದವರು ಅಷ್ಟು ಮಂದಿ ಇದ್ದರೆಂಬುದನ್ನು ಆ ಸಾಲು ತೋರಿಸಿಕೊಟ್ಟಿತು. ಡಾ. ಎಂ. ಸಿ. ಮೋದಿಯವರು ನಮ್ಮ ನಾಡಿನ ಊರೂರಿನಲ್ಲಿ ನೇತ್ರಶಿಬಿರಗಳನ್ನು ನಡೆಸುತ್ತಿದ್ದ ಕಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ದೊಡ್ಡಮ್ಮನ ಕಣ್ಣಿನ ಪೊರೆಯನ್ನು ತೆಗೆದದ್ದೂ ಅಂಥದೊಂದು ಶಿಬಿರದಲ್ಲಿಯೇ. ಚಿಕಿತ್ಸೆಯ ಮೇಲೆ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಆಕೆ ಮೊದಲು ನೋಡಿದ್ದು ತನ್ನ ಕೈಗಳನ್ನು. “ಇಷ್ಟು ಸುಕ್ಕಾಗಿದೆಯಲ್ಲಪ್ಪ!” ಎಂದು ನಕ್ಕಳು.

ಕನ್ನಡಕದ ವಿಷಯವಾಗಿಯೇ ಬ್ರಿಟನ್ನಿನ ಸರ್ಕಾರ ಒಡೆಯಿತು. ಕೊರಿಯಾದ ಯುದ್ಧ ಬಂದಿತ್ತು. ಮೂರು ವರ್ಷಗಳಲ್ಲಿ 470 ಕೋಟಿ ಪೌಂಡುಗಳನ್ನು ಶಸ್ತ್ರಾಸ್ತ್ರಗಳಿಗೆ ಖರ್ಚು ಮಾಡುವುದೆಂದು ಸರ್ಕಾರ ತೀರ್ಮಾನಿಸಿತ್ತು. 1951ರ ಏಪ್ರಿಲ್ 10ರ ಆಯವ್ಯಯದಲ್ಲಿ ಅರ್ಥಸಚಿವ ಹ್ಯೂ ಗೇಟ್ಸ್‌ಕೆಲ್, ಕಟ್ಟುವ ಹಲ್ಲಿಗೂ ಕನ್ನಡಕಕ್ಕೂ ಅರ್ಧ ಬೆಲೆಯನ್ನು ಜನರೇ ಕೊಡಬೇಕೆಂದ. ಆ ವರ್ಷ ಅದರಿಂದ ಉಳಿಯುವುದು ಒಂದು ಕೋಟಿ ಮೂವತ್ತು ಲಕ್ಷ ಪೌಂಡು. 470 ಕೋಟಿಯ ಮುಂದೆ ಅದೊಂದು ಚಿಲ್ಲರೆ. ಆದರೆ ಆ ಚಿಲ್ಲರೆಯಲ್ಲಿ ತತ್ತ್ವವಿದೆಯೆಂದು ಬೆವಾನ್ ರಾಜೀನಾಮೆ ಕೊಟ್ಟ. ಆತನೊಡನೆ ಹೆರಾಲ್ಡ್ ವಿಲ್ಸನ್, ಜಾನ್ ಫ್ರೀಮನ್ ಹೊರನಡೆದರು. ಅಕ್ಟೋಬರಿನ ಚುನಾವಣೆಯಲ್ಲಿ ಲೇಬರ್ ಪಕ್ಷ ಎದುರಾಳಿಗಳಿಗಿಂತ ಹೆಚ್ಚು ಮತಗಳನ್ನು ಪಡೆದೂ 321ಕ್ಕೆ 295 ಸ್ಥಾನಗಳಿಂದ ಸೋತಿತು. ಅಧಿಕಾರಕ್ಕೆ ಬಂದ ಚರ್ಚಿಲ್, ಶಸ್ತ್ರಗಳಿಗಾಗಿ ಮೀಸಲಿಟ್ಟ ಅಷ್ಟು ಹಣವನ್ನು ಹೇಳಿದ ಅವಧಿಯಲ್ಲಿ ಖರ್ಚು ಮಾಡುವುದೇ ಸಾಧ್ಯವಿಲ್ಲವೆಂದು ಒಪ್ಪಿಕೊಂಡ. 1952ರಲ್ಲಿ ಔಷಧದ ಚೀಟಿಗೆ ಒಂದು ಷಿಲಿಂಗು ಶುಲ್ಕ ಬಂತು. 1965ರಲ್ಲಿ ಲೇಬರ್ ಸರ್ಕಾರ ಅದನ್ನು ತೆಗೆಯಿತು. 1968ರಲ್ಲಿ ಬೊಕ್ಕಸ ಬರಿದಾದಾಗ ಅದೇ ಲೇಬರ್ ಸರ್ಕಾರ ಮತ್ತೆ ತಂದಿತು. ಆಗಿನ ಪ್ರಧಾನಿ, ಹಿಂದೆ ಬೆವಾನನೊಡನೆ ರಾಜೀನಾಮೆ ಕೊಟ್ಟಿದ್ದ ಅದೇ ವಿಲ್ಸನ್. ಅವನನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಬೊಕ್ಕಸದ ಕೀಲಿಕೈ ಹಿಡಿದವನಿಗೆ ಹೊರಗೆ ನಿಂತವನ ನಿಷ್ಠುರತೆ ಉಳಿಯುವುದು ಕಷ್ಟ.

ಒಂದು ಲೆಕ್ಕವನ್ನು ಮಾತ್ರ ಇಲ್ಲಿ ಹೇಳಲೇಬೇಕು. ಈ ಸೇವೆ ದೇಶವನ್ನು ದಿವಾಳಿ ಎಬ್ಬಿಸುತ್ತಿದೆಯೇ ಎಂದು ಪರೀಕ್ಷಿಸಲು ಕನ್ಸರ್ವೇಟಿವ್ ಸರ್ಕಾರವೇ ಗಿಲ್‌ಬಾಡ್ ಎಂಬವನ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1956ರಲ್ಲಿ ಆ ಸಮಿತಿ ಕೊಟ್ಟ ಉತ್ತರ ಹಲವರನ್ನು ಬೆರಗುಗೊಳಿಸಿತು. ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ಆರೋಗ್ಯ ಸೇವೆಯ ಪಾಲು 1949-50ರಲ್ಲಿ ನೂರಕ್ಕೆ ಮೂರೂಮುಕ್ಕಾಲು ಇದ್ದದ್ದು 1953-54ರ ಹೊತ್ತಿಗೆ ಮೂರೂಕಾಲಕ್ಕೆ ಇಳಿದಿತ್ತು. ಕೂಗು ಏರಿದಷ್ಟು ಖರ್ಚು ಏರಿರಲಿಲ್ಲ. ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡುವುದು ಬಡವನ ವೈರಿಗಳ ಕೆಲಸವೆಂದು ನಮ್ಮಲ್ಲಿ ಅನೇಕ ಸಹೃದಯರು ಭಾವಿಸುತ್ತಾರೆ. ಆ ಸಲ ಪುಸ್ತಕ ಬಡವನ ಪರವಾಗಿ ಸಾಕ್ಷಿ ಹೇಳಿತು.

ಇನ್ನು ನಮ್ಮ ಮನೆಯ ಮಾತು. ಅರಸನು ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ಅನಾಥರನ್ನೂ ಪೊರೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವೇ ವಿಧಿಸಿದೆ. ಆದರೆ ಅದು ಅರಸನ ಧರ್ಮ, ಪ್ರಜೆಯ ಹಕ್ಕಲ್ಲ. ಹಕ್ಕೆಂಬ ಮಾತು ನಮ್ಮಲ್ಲಿ ಸ್ಪಷ್ಟವಾಗಿ ಕೇಳಿಬಂದದ್ದು 1982ರ ಡಿಸೆಂಬರ್ 17ರಂದು, ನಕಾರಾ ಮೊಕದ್ದಮೆಯಲ್ಲಿ. ನಿವೃತ್ತಿ ವೇತನ ಸರ್ಕಾರದ ಮರ್ಜಿಯ ಕೊಡುಗೆಯಲ್ಲ, ಹಿಂದೆ ಸಲ್ಲಿಸಿದ ದುಡಿಮೆಗೆ ಸಲ್ಲಬೇಕಾದದ್ದು ಎಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಸಾರಿತು. ಜಾನ್ಸನ್ನನ ನಿಘಂಟಿನ ಅರ್ಥ ಅಂದು ನಮ್ಮ ಪಾಲಿಗೆ ತಿದ್ದಿಹೋಯಿತು. ನನ್ನ ತಿಂಗಳ ಸಿಟ್ಟಿಗೆ ಆಧಾರ ಆ ತೀರ್ಪು.

ಆದರೆ ಆ ತೀರ್ಪು ದುಡಿಮೆಗೆ ಸಂಬಳದ ಚೀಟಿಯಿದ್ದ ನನ್ನಂಥವರಿಗೆ ಬಂದದ್ದು. ಹೊಲದಲ್ಲಿ, ಒಲೆಯ ಮುಂದೆ ದುಡಿದವರಿಗೆ 1995ರಲ್ಲಿ ಬಂದ ರಾಷ್ಟ್ರೀಯ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಹತ್ತು ವರ್ಷಗಳಾಚೆ ಅದು 200 ರೂಪಾಯಿಗೆ ಏರಿ, ಎಂಬತ್ತು ತುಂಬದವರ ಪಾಲಿಗೆ ಅಲ್ಲಿಯೇ ಬಹುಕಾಲ ನಿಂತುಬಿಟ್ಟಿತು. ರಾಜ್ಯಗಳು ತಮ್ಮ ಪಾಲನ್ನು ಕೂಡಿಸಿ ಕೊಡುತ್ತವೆ. ಬೆಲೆಗಳು ನಿಲ್ಲಲಿಲ್ಲ. ಅತ್ತ ಸರ್ಕಾರಿ ನೌಕರರಲ್ಲಿಯೂ, ಕೇಂದ್ರದಲ್ಲಿ 2004ರ ಜನವರಿಯಿಂದ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲಿನಿಂದ ಸೇರಿದವರಿಗೆ ಹಳೆಯ ಪಿಂಚಣಿ ಹೋಗಿ ಕಂತಿನ ಪದ್ಧತಿ ಬಂತು. ಹಳೆಯದನ್ನು ಮತ್ತೆ ತರುತ್ತೇವೆಂಬ ಮಾತು ಅಂದಿನಿಂದ ಹಲವು ರಾಜ್ಯಗಳ ಚುನಾವಣೆಗಳಲ್ಲಿ ಕೇಳಿಬಂದಿದೆ. ಅದೇ ಕಾಲೇಜಿನ ಅದೇ ಪೀಠದಿಂದ ಅದೇ ಪಾಠ ಹೇಳುವ ನನ್ನ ಶಿಷ್ಯನಿಗೆ ನನಗಿರುವ ಭರವಸೆಯಿಲ್ಲ. ಅವನು ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ಬೊಕ್ಕಸದ ಲೆಕ್ಕ ನೋಡಿದರೆ ನನ್ನ ಪಿಂಚಣಿ ಅವನ ತೆರಿಗೆಯಿಂದಲೇ ಬರುತ್ತಿದೆ.

ಯಾವ ಪಕ್ಷ ಬಂದು ಏನನ್ನು ಕೊಡುತ್ತೇನೆಂದರೂ ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ಯಾರಿಂದ ತೆಗೆದು ಕೊಡುತ್ತೀರಿ? ಕೊಡಬೇಡಿರೆಂದು ಹೇಳುವುದಕ್ಕಾಗಿ ಅಲ್ಲ. ಉತ್ತರವಿಲ್ಲದೆ ಕೊಟ್ಟದ್ದನ್ನು ಮುಂದಿನ ಬಜೆಟ್ಟು ಕಿತ್ತುಕೊಳ್ಳಬಹುದು, ಇಲ್ಲವೇ 200 ರೂಪಾಯಿಯಲ್ಲಿ ನಿಲ್ಲಿಸಿ ಮರೆತುಬಿಡಬಹುದು. ಉತ್ತರ ಹೇಳಿ, ಬೈಗುಳ ತಿಂದು, ನೂರು ಸ್ಥಾನ ಕಳೆದುಕೊಂಡು ಕೊಟ್ಟದ್ದು ಶತಮಾನ ದಾಟಿ ನಿಂತಿದೆ.

ಆ ಪ್ರಶ್ನೆಯನ್ನು ಹೀಗೆ ಕೇಳುತ್ತ ಹೋದಾಗಲೇ ನನಗೆ ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಹೊಳೆದದ್ದು. ಸರ್ಕಾರಕ್ಕೆ ನಾನು ಏನು ಕೊಟ್ಟಿದ್ದೇನೆಂದು ಆಕೆ ಕೇಳಿದ್ದಳು. ಉಪ್ಪಿನ ಮೇಲೆ ಸುಂಕವಿದ್ದ ಕಾಲದಲ್ಲಿ ಆಕೆ ಉಪ್ಪು ಕೊಂಡಿದ್ದಳು. 1934ರಿಂದ ಬೆಂಕಿಪೊಟ್ಟಣದ ಮೇಲೆ ಸುಂಕವಿತ್ತು. ಆಕೆ ದಿನವೂ ಒಲೆ ಹಚ್ಚಿದ್ದಳು. ದೀಪಕ್ಕೆ ಸೀಮೆಎಣ್ಣೆ, ಗೌರಿಹಬ್ಬಕ್ಕೆ ಗಿರಣಿಯ ಸೀರೆ, ಸಂತೆಯಿಂದ ಸಕ್ಕರೆ ಇವು ಯಾವುವೂ ಬರಿಯ ಬೆಲೆಗೆ ಬಂದವಲ್ಲ. ಅರವತ್ತು ವರ್ಷ, ಒಂದು ದಿನವೂ ತಪ್ಪದೆ, ರಸೀದಿಯಿಲ್ಲದೆ ಆಕೆ ಬೊಕ್ಕಸಕ್ಕೆ ಕಟ್ಟುತ್ತಲೇ ಬಂದಿದ್ದಳು. ಅದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಚರಿತ್ರೆಯ ಅಧ್ಯಾಪಕನಾದ ನಾನೂ ಹೇಳಿರಲಿಲ್ಲ.

ಉತ್ತರ ಹೊಳೆಯುವ ಹೊತ್ತಿಗೆ ಆಕೆ ಇರಲಿಲ್ಲ. ಆಕೆ ತೀರಿಕೊಂಡ ತಿಂಗಳು, ವಿಷಯ ತಿಳಿಯದ ಅಂಚೆಯವನು ಮನಿಯಾರ್ಡರು ತಂದಿದ್ದ. ಹಣವನ್ನು ಹಿಂದಕ್ಕೆ ಕಳುಹಿಸಲು ಷರಾ ಬರೆದು ನನ್ನ ಸಹಿ ಹಾಕಿಸಿಕೊಂಡ. ಹೆಬ್ಬೆಟ್ಟಿನ ಗುರುತಿಗೆಂದು ಬಿಟ್ಟ ಜಾಗ ಖಾಲಿಯಾಗಿ ಉಳಿಯಿತು.